ವೀಸಾ ತೆಗೆದು, ಹಾಕಿ, ಮತ್ತೆ ತೆಗೆದ ಜಾರ್ಜಿಯಾ: ಪ್ರವಾಸೋದ್ಯಮದ ಒಂದು ಪ್ರಕರಣ ಅಧ್ಯಯನ

2014ರ ಸೆಪ್ಟೆಂಬರ್ 1ರಂದು ಜಾರ್ಜಿಯಾ ದೇಶದಲ್ಲಿ ವಿದೇಶಿಯರ ಕುರಿತ ಹೊಸ ಕಾನೂನು ಜಾರಿಗೆ ಬಂತು. ಅಮೆರಿಕದ ರಾಜ್ಯದ ಮಾತಲ್ಲ ಇದು. ಕಾಕಸಸ್ ಬೆಟ್ಟಗಳ ಕೆಳಗೆ, ಕಪ್ಪು ಸಮುದ್ರದ ಪಕ್ಕದಲ್ಲಿರುವ ಪುಟ್ಟ ದೇಶ. ಜನಸಂಖ್ಯೆ ಸುಮಾರು 37 ಲಕ್ಷ. ಅಲ್ಲಿಯವರೆಗೆ ನೂರಕ್ಕೂ ಹೆಚ್ಚು ದೇಶಗಳ ಜನ ವೀಸಾ ಇಲ್ಲದೆ ಬಂದು 360 ದಿನ ಇರಬಹುದಿತ್ತು. ಅವಧಿ ಮುಗಿಯಿತಾ? ಒಂದು ದಿನ ಗಡಿ ದಾಟಿ ಅರ್ಮೇನಿಯಾಕ್ಕೋ ಟರ್ಕಿಗೋ ಹೋಗಿ ಬಂದರೆ ಮತ್ತೆ 360 ದಿನ. ಹೊಸ ಕಾನೂನು ಇದನ್ನು ನಿಲ್ಲಿಸಿತು. ವೀಸಾ ಬೇಡ ಅನ್ನುವ ಪಟ್ಟಿ ಚಿಕ್ಕದಾಯಿತು. ಪಟ್ಟಿಯಲ್ಲಿ ಉಳಿದವರಿಗೂ 180 ದಿನದಲ್ಲಿ 90 ದಿನ ಮಾತ್ರ. ಗಡಿಯಲ್ಲೇ ವೀಸಾ ಕೊಡುವ ಪದ್ಧತಿ ಹೋಯಿತು.

ಒಂದು ವರ್ಷ ತುಂಬುವ ಮೊದಲೇ ಸರ್ಕಾರ ಹಿಂದೆ ಸರಿಯಿತು. 2015ರ ಜೂನ್‌ನಲ್ಲಿ 94 ದೇಶಗಳ ಜನರಿಗೆ ಮತ್ತೆ ಪೂರ್ತಿ ಒಂದು ವರ್ಷ ವೀಸಾ ಇಲ್ಲದೆ ಇರುವ ಅವಕಾಶ ಸಿಕ್ಕಿತು.

ವೀಸಾ ನೀತಿ, ವಿಮಾನ ನೀತಿ, ಪ್ರವಾಸೋದ್ಯಮ ಈ ಮೂರರ ಸಂಬಂಧ ಅರ್ಥ ಮಾಡಿಕೊಳ್ಳಲು ಜಾರ್ಜಿಯಾದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾಮಾನ್ಯವಾಗಿ ದೇಶಗಳು ವೀಸಾ ಸಡಿಲಿಸಿದರೆ ಸಡಿಲಿಸುತ್ತವೆ, ಬಿಗಿ ಮಾಡಿದರೆ ಬಿಗಿ ಮಾಡುತ್ತವೆ. ಇಲ್ಲಿ ಎರಡೂ ಆಯಿತು, ಅದೂ ಸ್ವಲ್ಪವೇ ಕಾಲದಲ್ಲಿ. ಆಮೇಲೆ ನೆರೆಯ ದೊಡ್ಡ ದೇಶವೊಂದು ತನ್ನ ಕಡೆಯಿಂದ ವಿಮಾನ ನಿಲ್ಲಿಸಿತು. ಇನ್ನೊಂದು ನೆರೆ ದೇಶ ಭೂಗಡಿಯನ್ನೇ ಮುಚ್ಚಿತು. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನಿಸುವುದು ಇಷ್ಟು. ವೀಸಾ ತೆಗೆದರೆ ಜನ ಬರುತ್ತಾರೆ, ಅದೂ ಬೇಗ ಬರುತ್ತಾರೆ. ಆದರೆ ಆ ಬೆಳವಣಿಗೆ ಉಳಿಯಬೇಕಾದರೆ ಇವತ್ತಿನ ನಿಯಮ ಮುಂದಿನ ವರ್ಷವೂ ಇರುತ್ತದೆ ಎನ್ನುವ ನಂಬಿಕೆ ಬೇಕು. ಮತ್ತೆ, ಬರುವ ದಾರಿಯ ಒಂದು ತುದಿ ಮಾತ್ರ ಆತಿಥೇಯ ದೇಶದ ಕೈಯಲ್ಲಿರುತ್ತದೆ.

ಕಳೆದುಕೊಳ್ಳುವುದು ಕಡಿಮೆ ಇದ್ದ ದೇಶ

2003ರ ನವೆಂಬರ್‌ನಲ್ಲಿ ಜಾರ್ಜಿಯಾದಲ್ಲಿ ಗುಲಾಬಿ ಕ್ರಾಂತಿ ನಡೆಯಿತು. ಮರುವರ್ಷ ಮಿಖೇಲ್ ಸಾಕಾಶ್ವಿಲಿ ಅಧ್ಯಕ್ಷರಾದರು. ದೇಶದ ಖಜಾನೆ ಖಾಲಿ. ಪೊಲೀಸರ ಲಂಚಕ್ಕೆ ಮಿತಿಯೇ ಇರಲಿಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಸ್ಥಿತಿ. ಸೋವಿಯತ್ ಕಾಲದಲ್ಲಿ ರಷ್ಯಾದ ಜನ ರಜೆಗೆ ಬರುತ್ತಿದ್ದ ಕಪ್ಪು ಸಮುದ್ರದ ಕರಾವಳಿಯಲ್ಲಿ, ಮುಖ್ಯ ಭಾಗವಾದ ಅಬ್ಖಾಜಿಯಾ ಆಗಲೇ ಕೈತಪ್ಪಿತ್ತು.

ಹೊಸ ಸರ್ಕಾರ ಎರಡು ಕೆಲಸ ಒಟ್ಟಿಗೆ ಮಾಡಿತು. ಯುರೋಪ್, ಅಮೆರಿಕ, ಜಪಾನ್ ಮುಂತಾದ ಕಡೆಯವರಿಗೆ ವೀಸಾ ತೆಗೆಯಿತು. ಅವರ ದೇಶಗಳು ಜಾರ್ಜಿಯಾದವರಿಗೆ ವೀಸಾ ತೆಗೆಯಲಿ ಅಂತ ಕಾಯಲಿಲ್ಲ. ನೀವು ಕೊಟ್ಟರೆ ನಾವು ಕೊಡುತ್ತೇವೆ ಅನ್ನುವ ಚೌಕಾಸಿಯನ್ನೇ ಬಿಟ್ಟುಬಿಟ್ಟಿತು. ಇದು ದೊಡ್ಡ ನಿರ್ಧಾರ. ಯಾಕಂದರೆ ವೀಸಾ ವಿಷಯದಲ್ಲಿ ಬಹಳ ದೇಶಗಳು ಸ್ವಾಭಿಮಾನದ ಲೆಕ್ಕದಲ್ಲಿ ಯೋಚಿಸುತ್ತವೆ, ವ್ಯಾಪಾರದ ಲೆಕ್ಕದಲ್ಲಿ ಅಲ್ಲ.

ಎರಡನೆಯದು ಆಕಾಶ. ಎರಡು ದೇಶಗಳ ನಡುವೆ ವಿಮಾನ ಹಾರಬೇಕಾದರೆ ಸಾಮಾನ್ಯವಾಗಿ ಒಪ್ಪಂದ ಇರುತ್ತದೆ. ಯಾವ ಕಂಪನಿ, ಯಾವ ಊರಿಂದ ಯಾವ ಊರಿಗೆ, ವಾರಕ್ಕೆ ಎಷ್ಟು ಸಲ, ಕೆಲವೊಮ್ಮೆ ಎಷ್ಟು ಸೀಟು ಅನ್ನುವುದೂ ಅದರಲ್ಲೇ ಬರೆದಿರುತ್ತದೆ. ವಾರಕ್ಕೆ ಏಳು ಹಾರಾಟ ಅಂತ ಬರೆದಿದ್ದರೆ ಎಂಟನೆಯ ವಿಮಾನಕ್ಕೆ ಪ್ರಯಾಣಿಕರು ಎಷ್ಟೇ ಕಾದಿರಲಿ, ಹಾರುವಂತಿಲ್ಲ. ಟಿಕೆಟ್ ದರ ಏರುತ್ತದೆ ಅಷ್ಟೇ. ಓಪನ್ ಸ್ಕೈ ಅಂದರೆ ಈ ಮಿತಿಗಳನ್ನು ತೆಗೆಯುವುದು. ಜಾರ್ಜಿಯಾ ಕಳೆದ ದಶಕಕ್ಕೂ ಹಿಂದೆ, 2000ದ ದಶಕದ ಮಧ್ಯದಲ್ಲೇ ಈ ದಾರಿ ಹಿಡಿಯಿತು. 2007ರಲ್ಲಿ ಅಮೆರಿಕದ ಜೊತೆ ಓಪನ್ ಸ್ಕೈ ಒಪ್ಪಂದ ಆಯಿತು. 2010ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಸಾಮಾನ್ಯ ವಾಯು ವಲಯದ ಒಪ್ಪಂದಕ್ಕೆ ಸಹಿ ಬಿತ್ತು.

ಇಷ್ಟು ಸುಲಭವಾಗಿ ಹೇಗೆ ಆಯಿತು? ಕಾಪಾಡಬೇಕಾದ ದೊಡ್ಡ ಸರ್ಕಾರಿ ವಿಮಾನ ಕಂಪನಿ ಅವರ ಬಳಿ ಇರಲೇ ಇಲ್ಲ. ದೇಶದ ಹೆಸರಲ್ಲಿ ಹಾರುತ್ತಿದ್ದ ಕಂಪನಿ ಖಾಸಗಿಯದು, ಚಿಕ್ಕದು. ಬೇರೆ ದೇಶಗಳಲ್ಲಿ ಓಪನ್ ಸ್ಕೈ ಅಂದ ಕೂಡಲೇ ಮೊದಲು ಅಡ್ಡ ನಿಲ್ಲುವುದು ಆ ದೇಶದ ಸ್ವಂತ ಏರ್‌ಲೈನ್, ಅದರ ನೌಕರರ ಸಂಘ, ಅದನ್ನು ನೋಡಿಕೊಳ್ಳುವ ಸಚಿವಾಲಯ. ಇಲ್ಲಿ ಆ ಜಗಳವೇ ಇರಲಿಲ್ಲ. ಜಾರ್ಜಿಯಾ ಮಾಡಿತು, ನೀವೂ ಮಾಡಿ ಅಂತ ಬೇರೆ ದೇಶಗಳಿಗೆ ಸಲಹೆ ಕೊಡುವವರು ಈ ಒಂದು ವಿಷಯವನ್ನು ಮರೆಯಬಾರದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅದೇ ಹೊತ್ತಿಗೆ ಟ್ರಾಫಿಕ್ ಪೊಲೀಸ್ ಪಡೆಯನ್ನು ಪೂರ್ತಿ ಕಳಚಿ ಹೊಸದಾಗಿ ಕಟ್ಟಿದರು. ಕಸ್ಟಮ್ಸ್ ಸರಿ ಮಾಡಿದರು. ರಸ್ತೆಯಲ್ಲಿ ಹತ್ತು ಕಡೆ ಕೈಚಾಚುವವರು ಇದ್ದರೆ ವೀಸಾ ತೆಗೆದು ಏನು ಪ್ರಯೋಜನ? ಹಾಗಾಗಿ ಆಮೇಲೆ ಬಂದ ಬೆಳವಣಿಗೆಯ ಶ್ರೇಯವನ್ನೆಲ್ಲ ವೀಸಾ ನೀತಿಯ ತಲೆಗೆ ಕಟ್ಟುವುದು ಸರಿಯಲ್ಲ.

ಗಡಿಯಲ್ಲಿ ಕಂಡ ಜಿಗಿತ

2005ರಲ್ಲಿ ದೇಶಕ್ಕೆ ಬಂದವರ ಸಂಖ್ಯೆ ಸುಮಾರು 5.6 ಲಕ್ಷ. 2010ರಲ್ಲಿ 20 ಲಕ್ಷ ದಾಟಿತು. 2012ರಲ್ಲಿ 44 ಲಕ್ಷ. 2013ರಲ್ಲಿ 54 ಲಕ್ಷ. ಇವು ಆಗಿನ ಸರ್ಕಾರಿ ಲೆಕ್ಕಗಳು. ಒಟ್ಟು ಸಂಖ್ಯೆ ನೋಡಿ ಬೆರಗಾಗುವುದಕ್ಕಿಂತ ಎರಡು ದೇಶಗಳನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟ ಆಗುತ್ತದೆ.

ಮೊದಲು ಟರ್ಕಿ. ಟರ್ಕಿಯವರಿಗೆ ಜಾರ್ಜಿಯಾದ ವೀಸಾ 2006ರಲ್ಲೇ ಹೋಗಿತ್ತು. 2011ರ ಡಿಸೆಂಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡೂ ದೇಶದವರು ಪಾಸ್‌ಪೋರ್ಟ್ ಕೂಡ ಇಲ್ಲದೆ, ಬರೀ ಗುರುತಿನ ಚೀಟಿ ತೋರಿಸಿ ಗಡಿ ದಾಟಬಹುದು ಅಂತಾಯಿತು. 2011ರಲ್ಲಿ ಟರ್ಕಿಯಿಂದ ಬಂದವರು ಸುಮಾರು 7.4 ಲಕ್ಷ. 2012ರಲ್ಲಿ 15.3 ಲಕ್ಷ. ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಪಾಸ್‌ಪೋರ್ಟ್ ಮಾಡಿಸಲು ಟರ್ಕಿಯಲ್ಲಿ ಹಣ ಜಾಸ್ತಿ ಬೇಕಿತ್ತು. ಗಡಿ ಊರುಗಳ ಸಾಮಾನ್ಯ ಜನ ಅದಕ್ಕಾಗಿ ಸುಮ್ನೆ ಖರ್ಚು ಮಾಡುತ್ತಿರಲಿಲ್ಲ. ವೀಸಾಕ್ಕಿಂತ ಚಿಕ್ಕದಾಗಿ ಕಾಣುವ ಈ ಅಡ್ಡಿ ಅವರ ಪಾಲಿಗೆ ವೀಸಾಕ್ಕಿಂತ ದೊಡ್ಡದಾಗಿತ್ತು.

ಇವರಲ್ಲಿ ಎಷ್ಟು ಜನ ಪ್ರವಾಸಿಗಳು ಅನ್ನುವುದು ಬೇರೆ ಪ್ರಶ್ನೆ. ಸಾರ್ಪಿ ಗಡಿ ದಾಟಿದರೆ ಹತ್ತಿರದಲ್ಲೇ ಬಟುಮಿ ನಗರ. ಟರ್ಕಿಯಲ್ಲಿ ಕ್ಯಾಸಿನೊಗಳಿಗೆ 1998ರಿಂದ ನಿಷೇಧ ಇದೆ, ಬಟುಮಿಯಲ್ಲಿ ಇಲ್ಲ. ಜೂಜಿಗೆ ಬಂದವರು, ಲಾರಿ ಚಾಲಕರು, ಸಾಮಾನು ಕೊಂಡು ಸಂಜೆಗೆ ವಾಪಸ್ ಹೋಗುವವರು ಎಲ್ಲರೂ ಆ 15.3 ಲಕ್ಷದಲ್ಲಿ ಸೇರಿದ್ದಾರೆ.

ಬಟುಮಿಯ ವಿಮಾನ ನಿಲ್ದಾಣದಲ್ಲಿ ಇದಕ್ಕಿಂತ ಸ್ವಾರಸ್ಯದ ಒಂದು ವ್ಯವಸ್ಥೆ ಮಾಡಿದ್ದರು. 2007ರಲ್ಲಿ ಟರ್ಕಿಯ ಕಂಪನಿಯೊಂದು ಅದನ್ನು ಕಟ್ಟಿ ನಡೆಸಲು ತೆಗೆದುಕೊಂಡಿತು. ಗಡಿಯ ಆಚೆ ಟರ್ಕಿಯ ಹೋಪಾ ಪಟ್ಟಣಕ್ಕೆ ತನ್ನದೇ ವಿಮಾನ ನಿಲ್ದಾಣ ಇರಲಿಲ್ಲ. ಹಾಗಾಗಿ ಇಸ್ತಾಂಬುಲ್‌ನಿಂದ ಹೋಪಾಕ್ಕೆ ಹೋಗುವವರು ಬಟುಮಿಯಲ್ಲಿ ಇಳಿದು, ಜಾರ್ಜಿಯಾದ ಪಾಸ್‌ಪೋರ್ಟ್ ತಪಾಸಣೆಗೆ ಹೋಗದೆ, ನೇರ ಬಸ್ ಹತ್ತಿ ಗಡಿ ದಾಟಿ ಟರ್ಕಿಗೆ ಮರಳುವ ಏರ್ಪಾಡು ಮಾಡಿದರು. ಇನ್ನೊಂದು ದೇಶದ ನೆಲದಲ್ಲಿ ಇಳಿದರೂ ಅದು ಅವರಿಗೆ ದೇಶದೊಳಗಿನ ಪ್ರಯಾಣ. ಒಂದೇ ಊರಿನ ಪ್ರಯಾಣಿಕರನ್ನು ನಂಬಿ ಆ ನಿಲ್ದಾಣ ನಡೆಯುವುದು ಕಷ್ಟವಿತ್ತು. ಎರಡು ದೇಶದ ಜನ ಸೇರಿದ್ದರಿಂದ ನಡೆಯಿತು.

ಇನ್ನೊಂದು ಉದಾಹರಣೆ ರಷ್ಯಾ. 2008ರ ಆಗಸ್ಟ್‌ನಲ್ಲಿ ಎರಡು ದೇಶಗಳ ನಡುವೆ ಯುದ್ಧವಾಗಿ ರಾಜತಾಂತ್ರಿಕ ಸಂಬಂಧವೇ ಕಡಿದುಹೋಗಿತ್ತು. ಹಾಗಿದ್ದರೂ 2012ರ ಫೆಬ್ರವರಿ 29ರಿಂದ ಜಾರ್ಜಿಯಾ ರಷ್ಯನ್ನರಿಗೆ ತಾನಾಗೇ ವೀಸಾ ತೆಗೆಯಿತು. 2011ರಲ್ಲಿ ರಷ್ಯಾದಿಂದ ಬಂದವರು ಸುಮಾರು 2.8 ಲಕ್ಷ. 2012ರಲ್ಲಿ 5.1 ಲಕ್ಷ. 2013ರಲ್ಲಿ 7.7 ಲಕ್ಷ. ರಷ್ಯಾ ಮಾತ್ರ ಜಾರ್ಜಿಯಾದವರಿಗೆ ವೀಸಾ ತೆಗೆಯಲಿಲ್ಲ. ಅದಕ್ಕೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು.

ಕುತೈಸಿಯ ರನ್‌ವೇ

ದೇಶದ ಪಶ್ಚಿಮ ಭಾಗದ ಕುತೈಸಿಯಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ನವೀಕರಿಸಿದ ವಿಮಾನ ನಿಲ್ದಾಣ ತೆರೆಯಿತು. ರಾಜಧಾನಿ ಟಿಬಿಲಿಸಿಗೂ ಅದಕ್ಕೂ 200 ಕಿಲೋಮೀಟರಿಗಿಂತ ಜಾಸ್ತಿ ದೂರ. ಟಿಬಿಲಿಸಿ ನಿಲ್ದಾಣವನ್ನು ಖಾಸಗಿ ಕಂಪನಿ ನಡೆಸುತ್ತಿತ್ತು. ಕುತೈಸಿಯನ್ನು ಸರ್ಕಾರವೇ ಇಟ್ಟುಕೊಂಡಿತು. ಕಡಿಮೆ ಶುಲ್ಕ ಇಟ್ಟು, ಕಡಿಮೆ ದರದ ವಿಮಾನ ಕಂಪನಿಗಳನ್ನು ಕರೆಯುವುದು ಅದರ ಉದ್ದೇಶ. ವಿಜ್ ಏರ್ ಮೊದಲ ದಿನದಿಂದಲೇ ಬಂತು.

ಪ್ರಯಾಣಿಕರ ಸಂಖ್ಯೆ ಮೊದಮೊದಲು ಅಂಥ ದೊಡ್ಡದೇನಲ್ಲ. 2013ರಲ್ಲಿ 1.9 ಲಕ್ಷ, 2014ರಲ್ಲಿ 2.2 ಲಕ್ಷ, 2015ರಲ್ಲಿ 1.8 ಲಕ್ಷಕ್ಕೆ ಇಳಿಯಿತು. 2016ರ ಸೆಪ್ಟೆಂಬರ್‌ನಲ್ಲಿ ವಿಜ್ ಏರ್ ಅಲ್ಲಿ ತನ್ನ ನೆಲೆ ಮಾಡಿಕೊಂಡಿತು. ನೆಲೆ ಅಂದರೆ ವಿಮಾನ ರಾತ್ರಿ ಅಲ್ಲೇ ನಿಲ್ಲುತ್ತದೆ, ಸಿಬ್ಬಂದಿ ಅಲ್ಲೇ ಇರುತ್ತಾರೆ, ಬೆಳಗ್ಗೆ ಮೊದಲ ಹಾರಾಟ ಅಲ್ಲಿಂದಲೇ ಶುರು. 2017ರಲ್ಲಿ 4 ಲಕ್ಷ, 2019ರಲ್ಲಿ 8.7 ಲಕ್ಷ. ಯುರೋಪ್ ಜೊತೆಗಿನ ವಿಮಾನ ಒಪ್ಪಂದಕ್ಕೆ ಸಹಿ ಬಿದ್ದದ್ದು 2010ರಲ್ಲಿ, ಜಿಗಿತ ಕಂಡದ್ದು 2017ರಲ್ಲಿ. ಓಪನ್ ಸ್ಕೈ ಅಂದರೆ ಹಾರಲು ಅನುಮತಿ ಮಾತ್ರ. ಹಾರಬೇಕಾದವರು ಕಂಪನಿಯವರು. ಅವರು ನಿಲ್ದಾಣದ ಶುಲ್ಕ, ಇಂಧನ, ಸೀಟು ತುಂಬುವ ಖಾತ್ರಿ ಎಲ್ಲ ನೋಡಿ ಬರುತ್ತಾರೆ. ವೀಸಾ ತೆಗೆದರೆ ಮಾರನೇ ದಿನದಿಂದ ಜನ ಗಡಿಗೆ ಬರಬಹುದು. ಆಕಾಶ ತೆರೆದರೆ ವರ್ಷಗಟ್ಟಲೆ ಕಾಯಬೇಕು.

ಇನ್ನು ಆ 8.7 ಲಕ್ಷ ಜನ ಎಲ್ಲರೂ ಒಳಗೆ ಬಂದ ಪ್ರವಾಸಿಗಳಲ್ಲ. 2017ರ ಮಾರ್ಚ್ 28ರಿಂದ ಜಾರ್ಜಿಯಾದವರು ವೀಸಾ ಇಲ್ಲದೆ ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಹೋಗುವ ಹಕ್ಕು ಪಡೆದರು. ಅಗ್ಗದ ಟಿಕೆಟ್ ಕೈಗೆ ಸಿಕ್ಕಿದಾಗ ಅವರೂ ಹೊರಗೆ ಹೊರಟರು. ಕೆಲವರು ತಿರುಗಾಡಲು, ಕೆಲವರು ಕೆಲಸ ಹುಡುಕಿಕೊಂಡು, ಕೆಲವರು ಆಶ್ರಯ ಕೇಳಿಕೊಂಡು. ರನ್‌ವೇ ಎರಡೂ ದಿಕ್ಕಿಗೆ ಇರುತ್ತದೆ. ವಿಮಾನ ನಿಲ್ದಾಣದ ಅಂಕಿಯನ್ನು ಹಾಗೇ ಎತ್ತಿ ಪ್ರವಾಸೋದ್ಯಮದ ಯಶಸ್ಸು ಅಂತ ತೋರಿಸುವ ವರದಿಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಕುತೈಸಿ ಊರಿಗೆ ಏನು ಸಿಕ್ಕಿತು ಅನ್ನುವುದೂ ಮುಖ್ಯ. ಇಳಿದವರಲ್ಲಿ ಬಹಳ ಜನ ನಿಲ್ದಾಣದ ಹೊರಗೇ ನಿಂತಿರುವ ಬಸ್ ಹತ್ತಿ ಟಿಬಿಲಿಸಿಗೋ ಬಟುಮಿಗೋ ಹೋಗಿಬಿಡುತ್ತಾರೆ. ಊರಲ್ಲಿ ಒಂದು ರಾತ್ರಿ ಉಳಿಯಲು ಕಾರಣ ಹುಟ್ಟಿಸುವುದು ವಿಮಾನ ಇಳಿಸುವುದಕ್ಕಿಂತ ಕಷ್ಟದ ಕೆಲಸ.

2014: ಒಂಬತ್ತು ತಿಂಗಳ ಗೊಂದಲ

ಈಗ ಮೊದಲು ಹೇಳಿದ ಕಾನೂನಿಗೆ ಬರೋಣ. ಅದು ಯಾಕೆ ಬಂತು? 2012ರ ಚುನಾವಣೆಯಲ್ಲಿ ಜಾರ್ಜಿಯನ್ ಡ್ರೀಮ್ ಪಕ್ಷ ಅಧಿಕಾರಕ್ಕೆ ಬಂದಿತ್ತು. ಯುರೋಪ್ ಜೊತೆ ವೀಸಾ ಮಾತುಕತೆ ನಡೆಯುತ್ತಿತ್ತು. ನಮ್ಮ ವಲಸೆ ನಿಯಮಗಳನ್ನು ಯುರೋಪಿನ ಮಟ್ಟಕ್ಕೆ ತರಬೇಕು, ಅದಕ್ಕೆ ಈ ಬಿಗಿ ಅಂತ ಸರ್ಕಾರ ಹೇಳಿತು. 180 ದಿನದಲ್ಲಿ 90 ದಿನ ಅನ್ನುವ ಲೆಕ್ಕ ಷೆಂಗೆನ್‌ನಿಂದಲೇ ಬಂದದ್ದು.

ಆ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ನೋಡಿ. ಯಾವುದೇ ದಿನದಿಂದ ಹಿಂದಕ್ಕೆ 180 ದಿನ ಎಣಿಸಿ, ಅದರಲ್ಲಿ ನೀವು ದೇಶದೊಳಗೆ ಇದ್ದ ದಿನಗಳನ್ನು ಕೂಡಿಸಬೇಕು. 90 ದಾಟಬಾರದು. ಎರಡು ವಾರಕ್ಕೆ ಬರುವ ಪ್ರವಾಸಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಟಿಬಿಲಿಸಿಯಲ್ಲಿ ಬಾಡಿಗೆ ಮನೆ ಹಿಡಿದು ಇಂಗ್ಲಿಷ್ ಪಾಠ ಹೇಳುವವರು, ಬೆಟ್ಟದ ಹಳ್ಳಿಯಲ್ಲಿ ಗೆಸ್ಟ್‌ಹೌಸ್ ಮಾಡಿಕೊಂಡ ವಿದೇಶಿಯರು, ಚಾರಣ ಕಂಪನಿ ನಡೆಸುವವರು ಇವರಿಗೆಲ್ಲ 360 ದಿನದ ನಿಯಮವೇ ಬದುಕಿನ ಆಧಾರವಾಗಿತ್ತು. ಅವರು ವಾಸದ ಪರವಾನಗಿ ಮಾಡಿಸಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ, ಬೇಕಾಗಿರಲಿಲ್ಲ ಕೂಡ. ಈಗ ಒಮ್ಮೆಲೇ ಬೇಕಾಯಿತು. ಅರ್ಜಿ ಹಾಕಿದವರಲ್ಲಿ ಹಲವರಿಗೆ ಸಿಗಲಿಲ್ಲ. ಪಟ್ಟಿಯಿಂದ ಹೊರಬಿದ್ದ ದೇಶಗಳವರಿಗೆ ರಾಯಭಾರ ಕಚೇರಿಗೆ ಹೋಗಿ ವೀಸಾ ತರಬೇಕಾಯಿತು. ಜಾರ್ಜಿಯಾದಂಥ ಚಿಕ್ಕ ದೇಶಕ್ಕೆ ಎಲ್ಲ ಕಡೆ ರಾಯಭಾರ ಕಚೇರಿ ಇರುವುದಿಲ್ಲ ಅಲ್ವಾ? ಎಷ್ಟೋ ಜನರಿಗೆ ಅದು ಬೇರೆ ದೇಶಕ್ಕೆ ಹೋಗಿ ಅರ್ಜಿ ಹಾಕುವ ಕೆಲಸ.

ಇಲ್ಲಿ ಸರ್ಕಾರ ನೋಡದೆ ಹೋದ ಒಂದು ವಿಷಯ ಇದೆ. ಒಂದು ವರ್ಷ ಇರುವ ವಿದೇಶಿಯನನ್ನು ನೋಡಲು ಅವನ ತಂದೆ ತಾಯಿ, ಗೆಳೆಯರು ಬರುತ್ತಾರೆ. ಅವನು ಬರೆದದ್ದನ್ನು, ಹಾಕಿದ ಫೋಟೋಗಳನ್ನು ನೋಡಿ ಇನ್ನೊಬ್ಬರು ಬರುತ್ತಾರೆ. ಹೊಸದಾಗಿ ಹೆಸರು ಮಾಡುತ್ತಿರುವ ದೇಶಕ್ಕೆ ಇಂಥವರೇ ಜಾಹೀರಾತು. ಅಂಕಿಅಂಶದಲ್ಲಿ ಅವರು ಕೆಲವೇ ಸಾವಿರ. ಅವರನ್ನು ಕಳಿಸಿದರೆ ಪ್ರವಾಸೋದ್ಯಮಕ್ಕೆ ಏನೂ ಆಗುವುದಿಲ್ಲ ಅಂತ ಕಚೇರಿಯಲ್ಲಿ ಕೂತವರಿಗೆ ಅನಿಸಬಹುದು.

2014ರಲ್ಲಿ ಒಟ್ಟು ಬಂದವರು ಸುಮಾರು 55 ಲಕ್ಷ. ಹಿಂದಿನ ವರ್ಷ 54 ಲಕ್ಷ. ಎರಡು ಶೇಕಡಾದಷ್ಟು ಹೆಚ್ಚಳ. ಅದಕ್ಕೂ ಹಿಂದಿನ ವರ್ಷಗಳ ಓಟದ ಮುಂದೆ ಇದು ನಿಂತಂತೆಯೇ. ಆದರೆ ಪೂರ್ತಿ ತಪ್ಪನ್ನು ಕಾನೂನಿನ ಮೇಲೆ ಹೊರಿಸಲು ನಾನು ತಯಾರಿಲ್ಲ. ಕಾನೂನು ಬಂದದ್ದು ಸೆಪ್ಟೆಂಬರ್‌ನಲ್ಲಿ, ಬೇಸಿಗೆಯ ಸೀಸನ್ ಮುಗಿಯುವ ಹೊತ್ತಿಗೆ. ಆ ವರ್ಷ ಉಕ್ರೇನ್‌ನಲ್ಲಿ ಯುದ್ಧ ಶುರುವಾಯಿತು. ವರ್ಷದ ಕೊನೆಗೆ ರಷ್ಯಾದ ರೂಬಲ್ ಕುಸಿಯಿತು. ಮೇ ತಿಂಗಳಲ್ಲಿ ದೇವ್ದೊರಾಕಿ ಹಿಮನದಿಯ ಕಡೆಯಿಂದ ಭಾರಿ ಕುಸಿತವಾಗಿ, ರಷ್ಯಾದಿಂದ ಬರುವ ಒಂದೇ ಒಂದು ಹೆದ್ದಾರಿ ಮುಚ್ಚಿಹೋಗಿತ್ತು. ಇಷ್ಟೆಲ್ಲ ಒಂದೇ ವರ್ಷ ಆದಾಗ ವೀಸಾದ ಪಾಲು ಎಷ್ಟು ಅಂತ ಒಟ್ಟು ಸಂಖ್ಯೆಯಿಂದ ಬಿಡಿಸಿ ಹೇಳುವುದು ಆಗದ ಮಾತು.

ಕಾನೂನಿನ ಪರವಾಗಿ ಹೇಳಿದ ವಾದವನ್ನು ಮಾತ್ರ ಪರೀಕ್ಷೆ ಮಾಡಬಹುದು. ಯುರೋಪಿಗಾಗಿ ಈ ಬಿಗಿ ಬೇಕು ಅಂದಿದ್ದರು. 2015ರಲ್ಲಿ ಸಡಿಲಿಸಿದರು. 2017ರಲ್ಲಿ ಯುರೋಪ್ ಜಾರ್ಜಿಯಾದವರಿಗೆ ವೀಸಾ ತೆಗೆದೇ ತೆಗೆಯಿತು, ಈ ಒಂದು ವರ್ಷದ ನಿಯಮ ಹಾಗೇ ಇದ್ದಾಗಲೇ. ಅಂದ ಮೇಲೆ ಆ ಒಂಬತ್ತು ತಿಂಗಳ ಗೊಂದಲ ಬೇಕಿರಲಿಲ್ಲ.

ಇರಾನ್ ಕಥೆ

ವೀಸಾದ ಪಾಲು ಎಷ್ಟು ಅನ್ನುವುದು ಕಣ್ಣಿಗೆ ಕಾಣುವಂತೆ ಸಿಗುವುದು ಇರಾನ್ ಅಂಕಿಗಳಲ್ಲಿ. ಇರಾನ್ ಮತ್ತು ಜಾರ್ಜಿಯಾ ನಡುವೆ ಗಡಿ ಇಲ್ಲ. ಬರುವವರು ವಿಮಾನದಲ್ಲಿ ಬರಬೇಕು, ಇಲ್ಲವೇ ಅರ್ಮೇನಿಯಾದಂಥ ಇನ್ನೊಂದು ದೇಶದ ಮೂಲಕ ಬಸ್ಸಿನಲ್ಲಿ. ಸುಮ್ನೆ ಗಡಿ ದಾಟಿ ಸಂಜೆ ವಾಪಸ್ ಹೋಗುವವರು ಈ ಲೆಕ್ಕದಲ್ಲಿ ಇಲ್ಲ.

2011ರ ಆರಂಭದಲ್ಲಿ ಎರಡೂ ದೇಶದವರು ಪರಸ್ಪರ ವೀಸಾ ತೆಗೆದರು. 2012ರಲ್ಲಿ ಸುಮಾರು 90 ಸಾವಿರ ಇರಾನಿಗಳು ಬಂದರು. ಆಗ ಇರಾನ್ ಮೇಲೆ ಅಮೆರಿಕದ ನಿರ್ಬಂಧ ಬಿಗಿಯಾಗುತ್ತಿತ್ತು. 2013ರ ಜುಲೈ 1ರಿಂದ ಜಾರ್ಜಿಯಾ ವೀಸಾ ಮತ್ತೆ ಹಾಕಿತು. 2014ರಲ್ಲಿ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. 2015ರಲ್ಲಿ ಸುಮಾರು 25 ಸಾವಿರ. ಪರಮಾಣು ಒಪ್ಪಂದ ಜಾರಿಯಾಗಿ ನಿರ್ಬಂಧ ಸಡಿಲವಾದ ಮೇಲೆ, 2016ರ ಫೆಬ್ರವರಿಯಲ್ಲಿ ಮತ್ತೆ ವೀಸಾ ತೆಗೆದರು. ಆ ವರ್ಷ ಸುಮಾರು 1.5 ಲಕ್ಷ ಜನ. 2017ರಲ್ಲಿ 3.2 ಲಕ್ಷ. ಎರಡು ವರ್ಷದಲ್ಲಿ ಹನ್ನೆರಡು ಪಟ್ಟಿಗಿಂತ ಜಾಸ್ತಿ.

ಇಲ್ಲಿಗೇ ಕಥೆ ನಿಲ್ಲಿಸಿದರೆ ವೀಸಾ ತೆಗೆಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ 2018ರಲ್ಲಿ ಅಮೆರಿಕ ಪರಮಾಣು ಒಪ್ಪಂದದಿಂದ ಹೊರಬಂತು. ಇರಾನಿನ ರಿಯಾಲ್ ಬೆಲೆ ನೆಲ ಕಚ್ಚಿತು. ವಿಮಾನ ನಿಲ್ದಾಣದಲ್ಲಿ ಇಳಿದ ಇರಾನಿಗಳನ್ನು ಒಳಗೆ ಬಿಡದೆ ವಾಪಸ್ ಕಳಿಸುತ್ತಿದ್ದಾರೆ ಅನ್ನುವ ದೂರುಗಳು ಜಾಸ್ತಿಯಾದವು. 2019ರ ಹೊತ್ತಿಗೆ ಸಂಖ್ಯೆ 2017ರ ಅರ್ಧಕ್ಕಿಂತ ಕೆಳಗೆ ಬಂತು. ವೀಸಾ ನಿಯಮ ಒಂದಕ್ಷರವೂ ಬದಲಾಗಿರಲಿಲ್ಲ.

ಕಾಗದದ ಮೇಲೆ ವೀಸಾ ಇಲ್ಲ ಅನ್ನುವುದು ಒಂದು. ಕೌಂಟರ್ ಹಿಂದೆ ಕೂತ ಅಧಿಕಾರಿ ಒಳಗೆ ಬಿಡುತ್ತಾನೋ ಇಲ್ಲವೋ ಅನ್ನುವುದು ಇನ್ನೊಂದು. ಭಾರತದವರಿಗೂ ಈ ಅನುಭವ ಹೊಸದಲ್ಲ. ಭಾರತೀಯರಿಗೆ ಜಾರ್ಜಿಯಾದ ವೀಸಾ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಮೆರಿಕ, ಬ್ರಿಟನ್, ಷೆಂಗೆನ್ ಮುಂತಾದ ವೀಸಾ ಕೈಯಲ್ಲಿ ಇದ್ದವರು ಬೇರೆ ವೀಸಾ ಇಲ್ಲದೆ ಹೋಗಬಹುದು. ಇಷ್ಟೆಲ್ಲ ಇದ್ದೂ ಟಿಬಿಲಿಸಿಯಲ್ಲಿ ತಡೆದು ವಾಪಸ್ ಕಳಿಸಿದರು ಅಂತ ನೊಂದುಕೊಂಡವರು ಇದ್ದಾರೆ. ಟಿಕೆಟ್, ಹೋಟೆಲ್ ಹಣ ಹೋಯಿತು, ಕಾರಣವನ್ನೂ ಸರಿಯಾಗಿ ಹೇಳಲಿಲ್ಲ ಅನ್ನುವುದು ಅವರ ಅಳಲು. ಇಂಥದ್ದನ್ನು ಪ್ರವಾಸೋದ್ಯಮ ಇಲಾಖೆ ಲೆಕ್ಕ ಇಡುವುದಿಲ್ಲ. ಹಾಗೆ ವಾಪಸ್ ಬಂದ ಒಬ್ಬರ ಮಾತು ಕೇಳಿ ಎಷ್ಟು ಜನ ಪ್ಲಾನ್ ಬಿಟ್ಟರು ಅನ್ನುವುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ, ಕಾರಣ ಹೇಳದೆ ತಡೆಯುವುದು ಬಿಗಿ ವೀಸಾಕ್ಕಿಂತ ಕೆಟ್ಟದ್ದು. ಬಿಗಿ ವೀಸಾದಲ್ಲಿ ಮನೆಯಲ್ಲಿ ಇರುವಾಗಲೇ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ದಾರಿಯ ಇನ್ನೊಂದು ತುದಿ

2019ರ ಜೂನ್ 20ರಂದು ಟಿಬಿಲಿಸಿಯಲ್ಲಿ ಒಂದು ಅಂತರರಾಷ್ಟ್ರೀಯ ಸಭೆಗೆ ಬಂದಿದ್ದ ರಷ್ಯಾದ ಸಂಸದರೊಬ್ಬರು ಜಾರ್ಜಿಯಾ ಸಂಸತ್ತಿನ ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂತರು. ಜನ ರೊಚ್ಚಿಗೆದ್ದು ಬೀದಿಗೆ ಇಳಿದರು. ಮಾರನೇ ದಿನ ಪುಟಿನ್ ಆದೇಶ ಹೊರಡಿಸಿದರು. ಜುಲೈ 8ರಿಂದ ರಷ್ಯಾದಿಂದ ಜಾರ್ಜಿಯಾಕ್ಕೆ ಪ್ರಯಾಣಿಕ ವಿಮಾನ ಬಂದ್. ಸೀಸನ್ ನಡುವೆ ಬಿದ್ದ ಹೊಡೆತ. 2006ರಲ್ಲೂ ರಷ್ಯಾ ಹೀಗೇ ವಿಮಾನ ಸಂಪರ್ಕ ಕಡಿದಿತ್ತು.

ಜಾರ್ಜಿಯಾದ ವೀಸಾ ನೀತಿ ಹಾಗೇ ಇತ್ತು. ಆಕಾಶವೂ ತೆರೆದೇ ಇತ್ತು. ಆದರೂ ವಿಮಾನ ಬರಲಿಲ್ಲ.

ಆಮೇಲೆ ಆದದ್ದು ಬಹಳ ಜನರ ಊಹೆಗೆ ವಿರುದ್ಧ. ಆ ವರ್ಷ ರಷ್ಯಾದಿಂದ ಬಂದವರು 14.7 ಲಕ್ಷ. ಹಿಂದಿನ ವರ್ಷ 14 ಲಕ್ಷ. ಕಡಿಮೆಯಾಗಲಿಲ್ಲ. ಜನ ಕಾರಲ್ಲಿ, ಬಸ್ಸಲ್ಲಿ ಲಾರ್ಸ್ ಗಡಿಯಿಂದ ಬಂದರು. ಅರ್ಮೇನಿಯಾದ ಯೆರೆವಾನ್, ಬೆಲಾರುಸ್‌ನ ಮಿನ್ಸ್ಕ್ ಮೂಲಕ ಸುತ್ತಿಕೊಂಡು ಹಾರಿ ಬಂದರು. ವೀಸಾ ಇಲ್ಲದ್ದರಿಂದ ಯಾವ ದಾರಿಯಿಂದ ಬಂದರೂ ಒಳಗೆ ಸೇರಬಹುದಿತ್ತು. ಟಿಬಿಲಿಸಿ ವಿಮಾನ ನಿಲ್ದಾಣದ ಪ್ರಯಾಣಿಕರು 38 ಲಕ್ಷದಿಂದ 37 ಲಕ್ಷಕ್ಕೆ ಇಳಿದರು, ಅಷ್ಟೇ. ಬೇರೆ ದೇಶಗಳ ಜನ ಬಂದು ಜಾಗ ತುಂಬಿದರು. ನಿಮ್ಮ ಬೇಸಿಗೆಯನ್ನು ಜಾರ್ಜಿಯಾದಲ್ಲಿ ಕಳೆಯಿರಿ ಅನ್ನುವ ಕರೆ ಜನರಿಂದಲೇ ಎದ್ದು ಇಂಟರ್ನೆಟ್ ತುಂಬ ಓಡಾಡಿತು.

ಹಣದ ಲೆಕ್ಕ ಬೇರೆ ಮಾತು ಹೇಳುತ್ತದೆ. 2019ರಲ್ಲಿ ವಿದೇಶಿಯರ ಪ್ರವೇಶ 93.6 ಲಕ್ಷ ಮುಟ್ಟಿತು, ಅಲ್ಲಿಯವರೆಗಿನ ದಾಖಲೆ. ಬಂದವರ ಸಂಖ್ಯೆ 8 ಶೇಕಡಾದಷ್ಟು ಏರಿತು. ಪ್ರವಾಸೋದ್ಯಮದ ಆದಾಯ 3.2 ಬಿಲಿಯನ್ ಡಾಲರಿನಿಂದ 3.3 ಬಿಲಿಯನ್ ಡಾಲರಿಗೆ ಬಂತು, ಹೆಚ್ಚೂಕಡಿಮೆ ಅಲ್ಲೇ. ವಿಮಾನದಲ್ಲಿ ಬಂದು ಹತ್ತು ದಿನ ಹೋಟೆಲಿನಲ್ಲಿ ಇರುವವನ ಜಾಗಕ್ಕೆ ಕಾರಿನಲ್ಲಿ ಬಂದು ಮೂರು ದಿನ ಇರುವವನು ಬಂದರೆ ತಲೆ ಲೆಕ್ಕ ಒಂದೇ, ಗಲ್ಲಾಪೆಟ್ಟಿಗೆ ಲೆಕ್ಕ ಬೇರೆ.

ಆ 93.6 ಲಕ್ಷವನ್ನೇ ಬಿಡಿಸಿದರೆ ಇನ್ನೊಂದು ವಿಷಯ ಕಾಣುತ್ತದೆ. ಲಾರಿ ಚಾಲಕರು, ದಿನಾ ಗಡಿ ದಾಟುವವರು ಮುಂತಾದವರನ್ನು ತೆಗೆದರೆ ಉಳಿಯುವುದು 77 ಲಕ್ಷ. ಅದರಲ್ಲಿ ಒಂದು ರಾತ್ರಿಯಾದರೂ ಉಳಿದವರು ಸುಮಾರು 51 ಲಕ್ಷ. ಯಾವ ದೇಶದ ವೀಸಾ ಸಾಧನೆಯ ಬಗ್ಗೆ ಓದುವಾಗಲೂ ಈ ಮೂರರಲ್ಲಿ ಯಾವ ಅಂಕಿ ಕೊಟ್ಟಿದ್ದಾರೆ ಅಂತ ನೋಡಿಕೊಳ್ಳಬೇಕು. ಭಾಷಣಗಳಲ್ಲಿ ಬರುವುದು ಯಾವಾಗಲೂ ದೊಡ್ಡ ಅಂಕಿಯೇ.

ಒಂದು ವರ್ಷದ ನಿಯಮ, ಯಾರೂ ಯೋಚಿಸದ ಬಳಕೆ

ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಎಲ್ಲ ನಿಂತಿತು. ಆ ವರ್ಷ ಆಗಸ್ಟ್‌ನಲ್ಲಿ, ತಿಂಗಳಿಗೆ ಕನಿಷ್ಠ 2,000 ಡಾಲರ್ ಆದಾಯ ಇರುವವರು ಬಂದು ಇಲ್ಲಿಂದಲೇ ಆನ್‌ಲೈನ್ ಕೆಲಸ ಮಾಡಿ ಅಂತ ಸರ್ಕಾರ ಯೋಜನೆ ತಂದಿತು. ಅದು ಸಾಧ್ಯವಾದದ್ದು ಒಂದು ವರ್ಷ ಇರಲು ಬಿಡುವ ನಿಯಮ ಇದ್ದದ್ದರಿಂದ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಸೆಪ್ಟೆಂಬರ್‌ನಲ್ಲಿ ರಷ್ಯಾದಲ್ಲಿ ಸೇನೆಗೆ ಕಡ್ಡಾಯ ಭರ್ತಿ ಶುರುವಾದಾಗ ಲಾರ್ಸ್ ಗಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಕಾರುಗಳ ಸಾಲು ನಿಂತಿತು. ಸೈಕಲ್ ತಳ್ಳಿಕೊಂಡು ಬಂದವರೂ ಇದ್ದರು. ಪ್ರವಾಸಿಗಳಿಗಾಗಿ ಮಾಡಿದ ನಿಯಮದಡಿ ಅವರೆಲ್ಲ ಒಳಗೆ ಬಂದರು. ಟಿಬಿಲಿಸಿಯಲ್ಲಿ ಮನೆ ಬಾಡಿಗೆ ಗಗನಕ್ಕೇರಿತು. ಬೇರೆ ಊರಿಂದ ಓದಲು ಬಂದ ಜಾರ್ಜಿಯಾದ ಹುಡುಗರಿಗೆ ರೂಮ್ ಸಿಗಲಿಲ್ಲ. ಅದೇ ವರ್ಷ ದೇಶದ ಆರ್ಥಿಕತೆ ಹತ್ತು ಶೇಕಡಾಕ್ಕಿಂತ ಜಾಸ್ತಿ ಬೆಳೆಯಿತು, ದೇಶದ ಕರೆನ್ಸಿ (ಅದರ ಹೆಸರೂ ಲಾರಿ) ಗಟ್ಟಿಯಾಯಿತು. ಮನೆ ಬಾಡಿಗೆಗೆ ಕೊಟ್ಟವನಿಗೆ ಲಾಭ, ಬಾಡಿಗೆಗೆ ಇದ್ದವನಿಗೆ ಸಂಕಟ. ರಷ್ಯನ್ನರಿಗೆ ವೀಸಾ ಹಾಕಿ ಅನ್ನುವ ಬೇಡಿಕೆ ಜೋರಾಯಿತು. ಸರ್ಕಾರ ಒಪ್ಪಲಿಲ್ಲ.

2023ರ ಮೇ ತಿಂಗಳಲ್ಲಿ ಮಾಸ್ಕೋ ವಿಮಾನ ನಿಷೇಧ ತೆಗೆಯಿತು, ಜಾರ್ಜಿಯಾದವರಿಗೆ ವೀಸಾವನ್ನೂ ತೆಗೆಯಿತು. ಮೊದಲ ವಿಮಾನ ಇಳಿದಾಗ ಟಿಬಿಲಿಸಿ ನಿಲ್ದಾಣದ ಹೊರಗೆ ಪ್ರತಿಭಟನೆ ನಡೆಯಿತು. ಆಗಿನ ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿ ಅವರೂ ಇದನ್ನು ವಿರೋಧಿಸಿದರು. ನೆಲದ ಐದನೇ ಒಂದು ಭಾಗ ರಷ್ಯಾದ ಹಿಡಿತದಲ್ಲಿ ಇರುವ ದೇಶದಲ್ಲಿ, ಎಷ್ಟು ಹೋಟೆಲ್ ರೂಮ್ ತುಂಬಿತು ಅನ್ನುವುದೊಂದೇ ಪ್ರಶ್ನೆ ಆಗಿ ಉಳಿಯುವುದಿಲ್ಲ.

ಪ್ರವಾಸೋದ್ಯಮದ ಆದಾಯ 2023ರಲ್ಲಿ 4 ಬಿಲಿಯನ್ ಡಾಲರ್ ದಾಟಿತು. 2019ಕ್ಕಿಂತ ತಲೆ ಲೆಕ್ಕ ಕಡಿಮೆ, ಹಣ ಜಾಸ್ತಿ. ತಲೆ ಲೆಕ್ಕ ಕಡಿಮೆಯಾಗಲು ಒಂದು ದೊಡ್ಡ ಕಾರಣ ಪೂರ್ವದ ಗಡಿಯಲ್ಲಿದೆ. 2019ರಲ್ಲಿ ಅಜರ್‌ಬೈಜಾನ್‌ನಿಂದ 15 ಲಕ್ಷಕ್ಕೂ ಹೆಚ್ಚು ಪ್ರವೇಶ ಆಗಿತ್ತು, ಎಲ್ಲ ದೇಶಗಳಿಗಿಂತ ಜಾಸ್ತಿ. 2020ರ ಮಾರ್ಚ್‌ನಲ್ಲಿ ಆ ದೇಶ ಕೋವಿಡ್ ಕಾರಣಕ್ಕೆ ತನ್ನ ಭೂಗಡಿಗಳನ್ನು ಮುಚ್ಚಿತು. ಪ್ರಪಂಚದಲ್ಲೆಲ್ಲ ಗಡಿಗಳು ತೆರೆದರೂ ಅದು ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಲೇ ಹೋಯಿತು. 2025ರಲ್ಲೂ ಸಾಮಾನ್ಯ ಪ್ರಯಾಣಿಕರಿಗೆ ಅದು ಮುಚ್ಚಿಯೇ ಇತ್ತು. ಅಜರ್‌ಬೈಜಾನ್‌ನವರಿಗೆ ಜಾರ್ಜಿಯಾದ ವೀಸಾ ಆಗಲೂ ಬೇಕಿರಲಿಲ್ಲ. ಜಾರ್ಜಿಯಾದ ಮಾರ್ನೇಉಲಿ ಸುತ್ತಮುತ್ತ ಅಜರ್‌ಬೈಜಾನಿ ಭಾಷೆ ಮಾತಾಡುವ ಸಾವಿರಾರು ಕುಟುಂಬಗಳಿವೆ. ಗಡಿಯಾಚೆ ಕೆಲವೇ ಗಂಟೆಯ ದಾರಿಯಲ್ಲಿರುವ ಬಂಧುಗಳ ಮದುವೆಗೋ ಸಾವಿಗೋ ಹೋಗಬೇಕಾದರೆ, ಅವರು ಟಿಬಿಲಿಸಿಗೆ ಹೋಗಿ ಅಜರ್‌ಬೈಜಾನ್ ರಾಜಧಾನಿ ಬಾಕುವಿನ ವಿಮಾನದ ಟಿಕೆಟ್ ಕೊಳ್ಳಬೇಕಿತ್ತು.